ಡ್ರೈವರ್ ಇಲ್ಲದ ಬಸ್ಸು ನಮ್ಮ ಅಂಗಡಿ ಮುಂದೆ ಓಡಿದರೆ ಅತ್ತೆಗೆ ಅಪಾಯವೇ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಕೊಪ್ಪಳದ ಹತ್ತಿರ ಒಂದು ಹಳ್ಳಿ. ಹೈವೇಯಿಂದ ಒಳಗೆ ಬರುವ ರಸ್ತೆಯಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಅದೇ ರಸ್ತೆಯ ಕೊನೆಗೆ ಒಂದು ಕಾಲೇಜು. ಅವರು ಡ್ರೈವರ್ ಇಲ್ಲದ, ಹನ್ನೆರಡು ಸೀಟಿನ ಬ್ಯಾಟರಿ ಬಸ್ಸು ತಂದು ಹೈವೇ ಸ್ಟಾಪಿನಿಂದ ಹಾಸ್ಟೆಲ್ ತನಕ ಓಡಿಸಿ ಟೆಸ್ಟ್ ಮಾಡುತ್ತಾರಂತೆ. ಅದರಲ್ಲಿ ಸುಮಾರು 800 ಮೀಟರ್ ನಮ್ಮೂರ ರಸ್ತೆ, ಉಳಿದದ್ದು ಕಾಲೇಜಿನ ಒಳಗೆ. ಪಂಚಾಯ್ತಿಯಲ್ಲಿ ಸಭೆ ಕರೆದಿದ್ದಾರೆ. ನಮ್ಮ ಅತ್ತೆಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ದಿನವೂ ಅಂಗಡಿ ಮುಂದೆ ರಸ್ತೆ ಅಂಚಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಇಂಥದ್ದೇ ಒಂದು ಬಸ್ಸು ಲಾರಿಗೆ ತಗುಲಿದ ವಿಡಿಯೋ ವಾಟ್ಸಾಪಿನಲ್ಲಿ ನೋಡಿ ಹೆದರಿದ್ದೇವೆ. ಇದಕ್ಕೆ ಮನುಷ್ಯರು ಕಾಣುತ್ತಾರಾ? ಕತ್ತಲಲ್ಲಿ? ಏನಾದರೂ ಆದರೆ ಕೇಸು ಯಾರ ಮೇಲೆ? ನನ್ನ ತಮ್ಮ ಇದೇ ರಸ್ತೆಯಲ್ಲಿ ಟಂಟಂ ಓಡಿಸುತ್ತಾನೆ, ಅವನ ಹೊಟ್ಟೆಪಾಡು ಏನು? ಸಭೆಯಲ್ಲಿ ಹೂಂ ಅನ್ನಬೇಕೋ ಬೇಡವೋ?

ಉತ್ತರ: ಅಕ್ಕಾವ್ರೇ, ನೀವು ಕೇಳಿರುವುದು ಒಂದಲ್ಲ, ನಾಲ್ಕು ಪ್ರಶ್ನೆ. ಅತ್ತೆ, ಕತ್ತಲು, ಕೇಸು, ತಮ್ಮ. ಒಂದೊಂದಾಗಿ ಬರುತ್ತೇನೆ. ಆದರೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ವಾಹನ ಪರೀಕ್ಷೆ ಕೆಲಸದಲ್ಲಿ ನಾನು ಕಂಡಂತೆ ಈ ಬಸ್ಸುಗಳು ಓಡಿಹೋಗಿ ಗುದ್ದುವುದಕ್ಕಿಂತ, ಗಕ್ಕನೆ ನಿಂತು ತೊಂದರೆ ಮಾಡುವುದು ಜಾಸ್ತಿ. ನೀವು ಹೆದರಬೇಕಾದ್ದು ಅದರ ಮುಂಭಾಗಕ್ಕಲ್ಲ. ಹೆದರಬೇಕಾದ್ದು ಅದರ ಹಿಂದೆ ಬರುವ ಗಾಡಿಗಳಿಗೆ; ಗಕ್ಕನೆ ನಿಂತಾಗ ಪೆಟ್ಟಾಗುವುದು ಒಳಗಿರುವವರಿಗೆ.

ನೀವು ನೋಡಿದ ವಿಡಿಯೋ ಯಾವುದೋ ನನಗೆ ಗೊತ್ತಿಲ್ಲ, ಆದರೆ ಲಾರಿಗೆ ತಗುಲಿದ್ದು ಅಂದಾಗ ನೆನಪಾಗುವುದು ಲಾಸ್ ವೇಗಸ್ ಕಥೆ. 2017ರ ನವೆಂಬರ್ 8. ನಾವ್ಯಾ ಅನ್ನುವ ಫ್ರೆಂಚ್ ಕಂಪನಿಯ ಬಸ್ಸು, ಸಾರ್ವಜನಿಕರನ್ನು ಹತ್ತಿಸಿಕೊಂಡ ಮೊದಲ ದಿನ. ಶುರುವಾಗಿ ಒಂದೆರಡು ಗಂಟೆಯೂ ಆಗಿರಲಿಲ್ಲ. ಮುಂದೊಂದು ಸರಕಿನ ಲಾರಿ ರಿವರ್ಸ್ ಬರುತ್ತಿತ್ತು. ಬಸ್ಸು ಅದನ್ನು ನೋಡಿತು, ನಿಂತಿತು. ಲಾರಿಯವನು ನಿಲ್ಲಿಸಲಿಲ್ಲ, ಬಂದು ತಗುಲಿಸಿದ. ಯಾರಿಗೂ ಗಾಯವಾಗಲಿಲ್ಲ, ಪೊಲೀಸರು ಕೇಸಿನ ಚೀಟಿ ಕೊಟ್ಟದ್ದು ಲಾರಿ ಡ್ರೈವರಿಗೆ. ಹಾಗಂತ ಬಸ್ಸಿನ ತಪ್ಪೇ ಇಲ್ಲ ಅನ್ನಲಾಗುವುದಿಲ್ಲ. ನಿಮ್ಮ ತಮ್ಮ ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದ? ಹಾರ್ನ್ ಒತ್ತಿ ಹಿಡಿಯುತ್ತಿದ್ದ, ಎರಡು ಮಾರು ಹಿಂದಕ್ಕೆ ಸರಿಯುತ್ತಿದ್ದ, ಬೈಗುಳ ಬೇರೆ. ಬಸ್ಸು ಸುಮ್ನೆ ನಿಂತುಕೊಂಡಿತು, ಯಾಕೆಂದರೆ ಅದಕ್ಕೆ ಕಲಿಸಿದ್ದು ಅಷ್ಟೇ. ಒಳಗೆ ಒಬ್ಬ ಅಟೆಂಡರ್ ಇದ್ದ. ಬಸ್ಸನ್ನು ಕೈಯಿಂದ ಓಡಿಸಲು ಒಂದು ಕಂಟ್ರೋಲರ್ ಇರುತ್ತದೆ, ಮಕ್ಕಳ ವಿಡಿಯೋ ಗೇಮಿನದರ ಹಾಗೆ. ಅದನ್ನು ಒಳಗೆ ಡಬ್ಬಿಯಲ್ಲಿ ಇಟ್ಟಿದ್ದರು. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ವರದಿಯಲ್ಲಿ ಲಾರಿಯವನ ಜೊತೆಗೆ ಈ ಡಬ್ಬಿಯ ವಿಷಯವನ್ನೂ ಬರೆಯಿತು. ಈ ಡಬ್ಬಿ ನೆನಪಿಟ್ಟುಕೊಳ್ಳಿ, ಸಭೆಯಲ್ಲಿ ಬೇಕಾಗುತ್ತದೆ.

ಇನ್ನೊಂದು, ಒಹಾಯೋದ ಕೊಲಂಬಸ್ ಊರಿನದು, 2020ರ ಫೆಬ್ರವರಿ. ಈಸಿಮೈಲ್ ಕಂಪನಿಯ ಬಸ್ಸು ಗಂಟೆಗೆ 11 ಕಿಲೋಮೀಟರ್ ವೇಗದಲ್ಲಿತ್ತು. ನಮ್ಮ ಸೈಕಲ್ ಇದಕ್ಕಿಂತ ಜೋರಾಗಿ ಹೋಗುತ್ತದೆ. ಗಕ್ಕನೆ ನಿಂತದ್ದಕ್ಕೆ ಸೀಟಿನಲ್ಲಿ ಕೂತಿದ್ದ ಪ್ರಯಾಣಿಕರೊಬ್ಬರು ಜಾರಿ ಕೆಳಗೆ ಬಿದ್ದರು. ಅಷ್ಟಕ್ಕೇ ಅಮೆರಿಕ ಸರ್ಕಾರ ಹತ್ತು ರಾಜ್ಯಗಳಲ್ಲಿ ಆ ಕಂಪನಿಯ ಬಸ್ಸುಗಳಿಗೆ ಜನರನ್ನು ಹತ್ತಿಸಬೇಡಿ ಎಂದಿತು. ಆಮೇಲೆ ಸೀಟ್ ಬೆಲ್ಟ್ ಹಾಕಿಸಿ, ಬೋರ್ಡು ಬರೆಸಿ, ಮತ್ತೆ ಬಿಟ್ಟರು.

ಈಗ ಇದಕ್ಕೆ ಹೇಗೆ ಕಾಣುತ್ತದೆ ಅನ್ನುವುದು. ಬಸ್ಸಿನ ಮೂಲೆಗಳಲ್ಲಿ, ಚಾವಣಿಯ ಮೇಲೆ ಲೈಡಾರ್ ಅನ್ನುವ ಸಾಧನ ಇರುತ್ತದೆ. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಬಿಟ್ಟು, ಎದುರಿಗಿರುವುದಕ್ಕೆ ತಾಗಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು ದೂರ ಲೆಕ್ಕ ಹಾಕುತ್ತದೆ. ಬೆಳಕನ್ನು ತಾನೇ ಬಿಡುವುದರಿಂದ ಅದಕ್ಕೆ ಕತ್ತಲು ಲೆಕ್ಕಕ್ಕಿಲ್ಲ. ಕತ್ತಲಲ್ಲಿ ಜನ ಕಾಣುವುದಿಲ್ಲ ಅನ್ನುವುದು ಅಷ್ಟರ ಮಟ್ಟಿಗೆ ಸುಳ್ಳು. ಒಂದು ಸಣ್ಣ ತಿದ್ದುಪಡಿ ಇದೆ: ಕಪ್ಪು ವಸ್ತು ಬೆಳಕನ್ನು ನುಂಗುತ್ತದೆ. ಕುರಿ ಕಾಯುವವರು ಕರಿ ಕಂಬಳಿ ಹೊದ್ದು ನಿಂತಿದ್ದರೆ, ಬಿಳಿ ಅಂಗಿಯವರು ಕಾಣುವಷ್ಟು ದೂರದಿಂದ ಕಾಣುವುದಿಲ್ಲ. ಆದರೆ ಬಸ್ಸು ಓಡುವುದೇ 15-20 ಕಿಲೋಮೀಟರ್ ವೇಗದಲ್ಲಿ. ಆ ವೇಗದಲ್ಲಿ ನಿಲ್ಲಲು ಆರೇಳು ಮೀಟರ್ ಸಾಕು, ಕಂಬಳಿ ಅದಕ್ಕಿಂತ ಎಷ್ಟೋ ಮುಂಚೆ ಕಂಡಿರುತ್ತದೆ. ಕುರ್ಚಿಯಲ್ಲಿ ಕೂತ ಅತ್ತೆಯವರು ಕಾಣದೇ ಹೋಗುವ ಪ್ರಶ್ನೆಯೇ ಇಲ್ಲ.

ಕಷ್ಟ ಇರುವುದು ಬೇರೆ ಕಡೆ. ಟ್ರ್ಯಾಕ್ಟರ್ ಟ್ರಾಲಿಯಿಂದ ಆರು ಅಡಿ ಹೊರಗೆ ಚಾಚಿಕೊಂಡು ತುದಿಗೊಂದು ಕೆಂಪು ಬಟ್ಟೆ ಕಟ್ಟಿಸಿಕೊಂಡು ಹೋಗುವ ಕಬ್ಬಿಣದ ಸರಳು ಇದೆಯಲ್ಲ, ಬಳ್ಳಾರಿ-ಕೊಪ್ಪಳ ರಸ್ತೆಯಲ್ಲಿ ದಿನಕ್ಕೆ ಹತ್ತು ನೋಡುತ್ತೇವೆ, ಅದು ಕಷ್ಟ. ಸಣ್ಣದು, ಗಾಳಿಯಲ್ಲಿ ತೇಲಿದ ಹಾಗಿರುತ್ತದೆ, ಲೇಸರಿನ ಎರಡು ಗೆರೆಗಳ ನಡುವೆ ತಪ್ಪಿಸಿಕೊಳ್ಳಬಹುದು. ರಸ್ತೆ ಈಚೆಗೆ ಗೂಟ, ಆಚೆಗೆ ಎಮ್ಮೆ, ಮಧ್ಯೆ ಹಗ್ಗ, ಅದೂ ಕಷ್ಟ. ನೆಲಕ್ಕಂಟಿ ಮಲಗಿದ ನಾಯಿಮರಿ ಕಷ್ಟ.

ಇನ್ನು ಕಂಡರೂ ಅರ್ಥವಾಗದ ವಸ್ತುಗಳು. ಸುಗ್ಗಿಯಲ್ಲಿ ನಿಮ್ಮೂರವರು ರಸ್ತೆ ಮೇಲೆ ಜೋಳವೋ ತೊಗರಿಯೋ ಹರವುತ್ತಾರಲ್ವಾ, ಬಸ್ಸು ಲಾರಿ ಹಾಯ್ದು ಒಕ್ಕಣೆ ತಾನೇ ಆಗಲಿ ಅಂತ? ನಮಗೆ ಅದು ತೆನೆ. ಬಸ್ಸಿಗೆ ಅದು ಮೊಣಕಾಲೆತ್ತರದ ಗೋಡೆ. ನಿಲ್ಲುತ್ತದೆ. ತೆನೆ ತಾನಾಗಿ ಎದ್ದು ಹೋಗುವುದಿಲ್ಲ, ಬಸ್ಸು ತಾನಾಗಿ ಹಾಯುವುದಿಲ್ಲ. ಅಟೆಂಡರ್ ಕೈಯಿಂದ ದಾಟಿಸಬೇಕು. ಕುರಿ ಹಿಂಡು ಬಂದರೂ ಹಾಗೆಯೇ. ನಾವಾದರೆ ಹಿಂಡಿನೊಳಗೆ ಮೆಲ್ಲಗೆ ನುಗ್ಗಿಸುತ್ತೇವೆ, ಕುರಿಗಳು ಬಿಡಿಸಿಕೊಂಡು ದಾರಿ ಕೊಡುತ್ತವೆ. ಈ ಬಸ್ಸು ಮುನ್ನೂರನೆಯ ಕುರಿ ದಾಟುವ ತನಕ ಕಾಯುತ್ತದೆ.

ಕಾರಣ ಇಷ್ಟು. ಈ ಜಾತಿಯ ಬಸ್ಸುಗಳು ನಾವು ಅಂದುಕೊಂಡ ಹಾಗೆ ರಸ್ತೆ ನೋಡಿ ದಾರಿ ಹುಡುಕುವುದಿಲ್ಲ. ಮೊದಲು ಒಬ್ಬರು ಕೈಯಿಂದ ಓಡಿಸಿ ಇಡೀ ದಾರಿಯ ನಕ್ಷೆ ಮಾಡುತ್ತಾರೆ, ಗೋಡೆ, ಕಂಬ, ಮರ ಎಲ್ಲ ಸೇರಿಸಿ. ಆಮೇಲೆ ಆ ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತಾರೆ. ಬಸ್ಸು ಅದೇ ಗೆರೆಯ ಮೇಲೆ, ಕಾಣದ ಹಳಿಯ ಮೇಲೆ ಹೋದಂತೆ, ಹೋಗುತ್ತದೆ. ಜಿಪಿಎಸ್ ಮತ್ತು ಚಕ್ರದ ಸುತ್ತು ಎಣಿಸಿ ತಾನೆಲ್ಲಿದ್ದೇನೆ ಎಂದು ತಿಳಿಯುತ್ತದೆ. ಗೆರೆಗೆ ಏನಾದರೂ ಅಡ್ಡ ಬಂದರೆ ನಿಲ್ಲು ಅನ್ನುವುದೇ ಮುಖ್ಯ ನಿಯಮ. ಇತ್ತೀಚಿನವು ಸುತ್ತುಹಾಕಿ ಹೋಗುವುದನ್ನು ಸ್ವಲ್ಪ ಕಲಿತಿವೆ, ಆದರೂ ಅಂಗಡಿ ಮುಂದೆ ಯಾರೋ ಬೈಕ್ ಅಡ್ಡ ನಿಲ್ಲಿಸಿ ಬೀಡಿ ಕೊಳ್ಳಲು ಒಳಗೆ ಬಂದರೆ ಅಟೆಂಡರಿಗೆ ಕೆಲಸ ಬಂತು ಅಂತಲೇ ಲೆಕ್ಕ.

ನನ್ನದೇ ಒಂದು ಅನುಭವ. ಕೆಲವು ವರ್ಷದ ಹಿಂದೆ ಒಂದು ಕ್ಯಾಂಪಸ್ಸಿನೊಳಗೆ ಇಂಥ ಗಾಡಿ ಓಡಿಸಿ ನೋಡುತ್ತಿದ್ದೆವು. ಒಂದು ತಿರುವಿನಲ್ಲಿ ದಿನಾ ಸಂಜೆ ನಾಲ್ಕರ ಸುಮಾರಿಗೆ ನಿಂತುಬಿಡುತ್ತಿತ್ತು. ಬೆಳಿಗ್ಗೆ ಸರಿಯಾಗಿ ಹೋಗುತ್ತದೆ, ಸಂಜೆ ನಿಲ್ಲುತ್ತದೆ. ನಾವು ಮೂರು ಜನ ಇಂಜಿನಿಯರುಗಳು ಎರಡು ದಿನ ಲ್ಯಾಪ್‌ಟಾಪ್ ಹಿಡಿದುಕೊಂಡು ಸಾಫ್ಟ್‌ವೇರ್ ಶೋಧಿಸಿದೆವು. ಬಿಸಿಲಿಗೆ ಸೆನ್ಸರ್ ಕಾಯುತ್ತಿದೆ ಎಂದು ಒಬ್ಬರು, ಸಿಗ್ನಲ್ ಹೋಗುತ್ತಿದೆ ಎಂದು ಇನ್ನೊಬ್ಬರು. ಮೂರನೆಯ ದಿನ ತೋಟದ ಕೆಲಸದ ಹುಡುಗ ಬಂದು, ಸರ್ ಇದನ್ನ ಕಡಿದುಬಿಡಲಾ ಅಂದ. ಬಳ್ಳಾರಿ ಜಾಲಿಯ ಒಂದು ರೆಂಬೆ. ನಕ್ಷೆ ಮಾಡಿದಾಗ ಅದು ಇರಲಿಲ್ಲ, ಒಂದು ಮಳೆಗೆ ಮೊಳದುದ್ದ ಬೆಳೆದಿತ್ತು. ಸಂಜೆ ಗಾಳಿ ಎದ್ದಾಗ ಬಾಗಿ ನಮ್ಮ ಗೆರೆಯೊಳಗೆ ಬರುತ್ತಿತ್ತು. ಕುಡಗೋಲಿನಿಂದ ಎರಡು ಏಟು. ಅಷ್ಟೇ. ಆಮೇಲೆ ಬಸ್ಸು ಆ ತಿರುವಿನಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ನಿಮ್ಮ ರಸ್ತೆಯ ಎರಡೂ ಬದಿ ಜಾಲಿ ಇರದೇ ಇರುವುದಿಲ್ಲ, ಅದನ್ನು ಯಾರು ಕಡಿಯುತ್ತಾರೆ, ಎಷ್ಟು ದಿನಕ್ಕೊಮ್ಮೆ ಎಂದು ಸಭೆಯಲ್ಲಿ ಕೇಳಿ. ನಗುತ್ತಾರೆ, ನಗಲಿ. ಧೂಳಿನ ವಿಷಯವನ್ನೂ ಕೇಳಿ: ನಮ್ಮ ಕಡೆಯ ಕೆಂಧೂಳು ಲೈಡಾರಿನ ಗಾಜಿನ ಮೇಲೆ ಕೂತರೆ ಒಂದೋ ಇಲ್ಲದ್ದು ಕಾಣುತ್ತದೆ, ಇಲ್ಲಾ ಇದ್ದದ್ದು ಮಸುಕಾಗುತ್ತದೆ. ಪ್ರತಿ ಟ್ರಿಪ್ಪಿಗೂ ಒದ್ದೆ ಬಟ್ಟೆ ಬೇಕು.

ಈಗ ಅಸಲು ಅಪಾಯಕ್ಕೆ ಬರೋಣ. ಬಸ್ಸು ಆರು ಮೀಟರಿನಲ್ಲಿ ನಿಂತಿತು, ಸರಿ. ಹಿಂದೆ ಗೊಬ್ಬರ ತುಂಬಿದ ಲಾರಿ 40ರ ವೇಗದಲ್ಲಿ ಬರುತ್ತಿದೆ ಅಂದುಕೊಳ್ಳಿ. ಡ್ರೈವರ್ ನೋಡಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 15 ಮೀಟರ್ ಮುಗಿದಿರುತ್ತದೆ, ಲಾರಿ ಪೂರ್ತಿ ನಿಲ್ಲಲು ಹತ್ತಿರ ಹತ್ತಿರ 30 ಮೀಟರ್ ಬೇಕು. ನಮ್ಮ ಕಡೆ ಯಾರು 30 ಮೀಟರ್ ಬಿಟ್ಟು ಓಡಿಸುತ್ತಾರೆ ಹೇಳಿ. ಮುಂದಿನ ಗಾಡಿ ನಿಲ್ಲಲು ಕಾರಣವೊಂದು ಕಣ್ಣಿಗೆ ಕಂಡರೆ ಹಿಂದಿನವನೂ ಸಿದ್ಧವಾಗಿರುತ್ತಾನೆ. ಹಾರಿಬಂದ ಪ್ಲಾಸ್ಟಿಕ್ ಚೀಲಕ್ಕೆ ಬಸ್ಸು ನಿಂತರೆ ಅವನಿಗೆ ಹೇಗೆ ಗೊತ್ತಾಗಬೇಕು? ಇಲ್ಲಾ ಅವನು ಗುದ್ದುತ್ತಾನೆ, ಇಲ್ಲಾ ತಪ್ಪಿಸಲು ಸ್ಟೇರಿಂಗ್ ಎಳೆಯುತ್ತಾನೆ. ಎಳೆದರೆ ಎಲ್ಲಿಗೆ ಹೋಗುತ್ತಾನೆ? ರಸ್ತೆ ಅಂಚಿಗೆ.

ಅತ್ತೆಯವರ ಕಿವಿ ವಿಷಯ ಬರೆದಿದ್ದೀರಿ, ಅದು ಒಳ್ಳೆಯ ಪ್ರಶ್ನೆ. ಬ್ಯಾಟರಿ ಗಾಡಿ ನಿಧಾನವಾಗಿ ಬರುವಾಗ ಸದ್ದೇ ಇರುವುದಿಲ್ಲ. ಇದಕ್ಕೇ ಯುರೋಪಿನಲ್ಲಿ 2021ರಿಂದ ಹೊಸ ಬ್ಯಾಟರಿ ವಾಹನಗಳೆಲ್ಲ 20 ಕಿಲೋಮೀಟರ್ ವೇಗದ ತನಕ ಬೇಕೆಂದೇ ಸದ್ದು ಮಾಡಬೇಕು. ಕಾಲೇಜಿನ ಬಸ್ಸಿಗೂ ಅದು ಇದೆಯಾ ಕೇಳಿ. ಆದರೆ ಕಿವಿ ಮಂದ ಇರುವವರಿಗೆ ಸದ್ದಿನಿಂದ ಏನೂ ಆಗದು, ಅವರು ಎದ್ದು ರಸ್ತೆ ದಾಟುವಾಗ ಬಸ್ಸು ನಿಲ್ಲಬೇಕು, ಅಷ್ಟೇ. ಬಸ್ಸು ನಿಲ್ಲುತ್ತದೆ. ಆಮೇಲೆ ಮತ್ತೆ ಹೊರಡುವ ಹೊತ್ತು ಸೂಕ್ಷ್ಮದ್ದು. 2021ರ ಆಗಸ್ಟಿನಲ್ಲಿ ಟೋಕಿಯೋ ಪ್ಯಾರಾಲಿಂಪಿಕ್ಸ್ ಗ್ರಾಮದಲ್ಲಿ ಟೊಯೋಟಾದ ಇ-ಪ್ಯಾಲೆಟ್ ಬಸ್ಸು, ನಿಂತು ಮತ್ತೆ ಮೆಲ್ಲಗೆ ಹೊರಟಾಗ, ರಸ್ತೆ ದಾಟುತ್ತಿದ್ದ ದೃಷ್ಟಿದೋಷವಿದ್ದ ಜೂಡೋ ಆಟಗಾರರೊಬ್ಬರಿಗೆ ತಾಗಿತು. ನಡಿಗೆಯಷ್ಟೇ ವೇಗ. ಆದರೂ ಅವರು ಸ್ಪರ್ಧೆ ಬಿಡಬೇಕಾಯಿತು. ಒಳಗೆ ಆಪರೇಟರ್ ಇದ್ದ. ಎದುರಿನವರು ನನ್ನನ್ನು ನೋಡಿದ್ದಾರೆ, ನಿಲ್ಲುತ್ತಾರೆ ಅಂತ ನಾವು ಕಣ್ಣಲ್ಲೇ ಮಾತಾಡಿಕೊಳ್ಳುತ್ತೇವಲ್ಲ, ಕಣ್ಣು ಕಾಣದವರ ಜೊತೆ, ಕಿವಿ ಕೇಳದವರ ಜೊತೆ ಆ ಲೆಕ್ಕ ತಪ್ಪುತ್ತದೆ. ಇದು ಮನುಷ್ಯರಿಗೂ ತಪ್ಪುತ್ತದೆ, ಮಷೀನಿಗೂ ತಪ್ಪುತ್ತದೆ.

ಒಳಗೆ ಒಬ್ಬರು ಇರುತ್ತಾರೆ, ಹೆದರಬೇಡಿ ಎಂದು ಸಭೆಯಲ್ಲಿ ಹೇಳಿಯೇ ಹೇಳುತ್ತಾರೆ. ಇರುತ್ತಾರೆ, ನಿಜ. ಆದರೆ ಸುಮ್ಮನೆ ಕೂತು ಕಾವಲು ಕಾಯುವುದು ಓಡಿಸುವುದಕ್ಕಿಂತ ಕಷ್ಟದ ಕೆಲಸ. ದಿನಕ್ಕೆ ಮೂವತ್ತು ಸಲ ಏನೂ ಆಗದಿದ್ದರೆ ಮೂವತ್ತೊಂದನೆಯ ಸಲ ಯಾರಿಗೇ ಆಗಲಿ ಕೈ ಮೊಬೈಲಿಗೆ ಹೋಗುತ್ತದೆ. 2018ರ ಮಾರ್ಚಿನಲ್ಲಿ ಅಮೆರಿಕದ ಟೆಂಪಿಯಲ್ಲಿ ಊಬರ್‌ನ ಪರೀಕ್ಷಾ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು, ಅವರು ತೀರಿಕೊಂಡರು. ಕಾರಿಗೆ 5.6 ಸೆಕೆಂಡ್ ಮೊದಲೇ ಏನೋ ಕಂಡಿತ್ತು, ಅದು ಗಾಡಿಯೋ ಸೈಕಲ್ಲೋ ಮತ್ತೇನೋ ಎಂದು ಗೊಂದಲದಲ್ಲೇ ಹೊತ್ತು ಕಳೆಯಿತು. ಸ್ಟೇರಿಂಗ್ ಮುಂದೆ ಕೂತಿದ್ದವರ ಕಣ್ಣು ಫೋನಿನ ಮೇಲಿತ್ತು. ಇದು ಕಾರು, ವೇಗ 60 ದಾಟಿತ್ತು, ನಿಮ್ಮ ಬಸ್ಸಿಗೆ ನೇರ ಹೋಲಿಸುವುದು ಸರಿಯಲ್ಲ. ಕಾವಲಿನವರ ವಿಷಯ ಮಾತ್ರ ಎರಡು ಕಡೆಯೂ ಒಂದೇ. ಇನ್ನು ಕೆನಡಾದ ವಿಟ್ಬಿಯಲ್ಲಿ 2021ರ ಡಿಸೆಂಬರಿನಲ್ಲಿ ಓಲಿ ಅನ್ನುವ ಬಸ್ಸು ಮರಕ್ಕೆ ಗುದ್ದಿ ಅಟೆಂಡರಿಗೇ ಜೋರು ಪೆಟ್ಟಾಯಿತು. ಆಗ ಬಸ್ಸು ತಾನೇ ಓಡುತ್ತಿರಲಿಲ್ಲ, ಕೈಯಿಂದ ಓಡಿಸುತ್ತಿದ್ದರು.

ಆ ಓಲಿ ಬಸ್ಸನ್ನು ತಯಾರಿಸುತ್ತಿದ್ದ ಲೋಕಲ್ ಮೋಟರ್ಸ್ ಕಂಪನಿ ಮುಂದಿನ ತಿಂಗಳೇ ಬಾಗಿಲು ಹಾಕಿತು. ನಾವ್ಯಾ ಕೂಡ 2023ರಲ್ಲಿ ದಿವಾಳಿ ಹಂತಕ್ಕೆ ಹೋಗಿ ಬೇರೆಯವರ ಕೈಸೇರಿತು. ಬಸ್ಸು ತಯಾರಿಸಿದವರೇ ಇಲ್ಲವಾದರೆ ಸಾಫ್ಟ್‌ವೇರ್ ಯಾರು ಸರಿಮಾಡುತ್ತಾರೆ ಅನ್ನುವುದೂ ಕೇಳಬೇಕಾದ ಮಾತೇ.

ಕೇಸಿನ ವಿಷಯ ಚುಟುಕಾಗಿ ಹೇಳುತ್ತೇನೆ, ನಾನು ವಕೀಲನಲ್ಲ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಗಾಡಿ ಓಡಿಸುವವರಿಗೆ ಲೈಸೆನ್ಸ್ ಬೇಕು. ಇಡೀ ಕಾಯ್ದೆ ಡ್ರೈವರ್ ಒಬ್ಬ ಇದ್ದಾನೆ ಎಂದುಕೊಂಡೇ ಬರೆದದ್ದು. 2019ರ ತಿದ್ದುಪಡಿಯಲ್ಲಿ 2ಬಿ ಎಂಬ ಸೆಕ್ಷನ್ ಬಂದಿದೆ, ಹೊಸ ತಂತ್ರಜ್ಞಾನದ ಸಂಶೋಧನೆಗಾಗಿ ಕೆಲವು ವಾಹನಗಳಿಗೆ ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದು ಎಂದು. ಕೊಡಬೇಕಾದ್ದು ಕೇಂದ್ರ. ಪಂಚಾಯ್ತಿಯ ಠರಾವು ಅದಕ್ಕೆ ಸಮವಲ್ಲ. ಹಾಗಾಗಿ ಮೊದಲ ಪ್ರಶ್ನೆ: ಈ 800 ಮೀಟರಿಗೆ ಯಾವ ಅನುಮತಿ ಪತ್ರ ಇದೆ, ತೋರಿಸಿ. ಹೆದ್ದಾರಿ ಸಚಿವ ನಿತಿನ್ ಗಡ್ಕರಿಯವರು 2023ರ ಡಿಸೆಂಬರಿನಲ್ಲಿ ಡ್ರೈವರ್ ಇಲ್ಲದ ಕಾರುಗಳನ್ನು ಭಾರತಕ್ಕೆ ಬರಲು ಬಿಡುವುದಿಲ್ಲ, ಡ್ರೈವರುಗಳ ಕೆಲಸ ಹೋಗುತ್ತದೆ ಎಂದಿದ್ದರು. ಪರೀಕ್ಷೆಗಳು ಹೆಚ್ಚಾಗಿ ನಡೆಯುತ್ತಿರುವುದು ಕ್ಯಾಂಪಸ್ಸುಗಳ ಒಳಗೆ, ಹೈದರಾಬಾದ್ ಐಐಟಿಯ ಟಿಹಾನ್ ಪರೀಕ್ಷಾ ಅಂಗಳದ ಹಾಗೆ. ಪರಿಹಾರದ ಮಾತು ಬಂದರೆ, 164ನೇ ಸೆಕ್ಷನ್ ಪ್ರಕಾರ ತಪ್ಪು ಯಾರದೆಂದು ಸಾಬೀತು ಮಾಡದೆಯೂ ಸಾವಿಗೆ 5 ಲಕ್ಷ, ಭಾರೀ ಗಾಯಕ್ಕೆ 2.5 ಲಕ್ಷ ರೂಪಾಯಿಯನ್ನು ಗಾಡಿಯ ಮಾಲೀಕರು ಇಲ್ಲವೇ ವಿಮೆಯವರು ಕೊಡಬೇಕು. ಹಾಗಾಗಿ ಎರಡನೆಯ ಪ್ರಶ್ನೆ: ಗಾಡಿ ಯಾರ ಹೆಸರಿನಲ್ಲಿದೆ? ವಿಮೆ ಪತ್ರದಲ್ಲಿ ತಾನೇ ಓಡುವಾಗಲೂ ಅನ್ವಯ ಎಂದು ಬರೆದಿದೆಯಾ? ಬಾಯಿಮಾತು ಬೇಡ, ಜೆರಾಕ್ಸ್ ಕೇಳಿ.

ಹಾಗಾದರೆ ಏನು ಮಾಡಬೇಕು? ಪೂರ್ತಿ ಬೇಡ ಅನ್ನಬಹುದು. ಅದರಲ್ಲಿ ನಿಮಗೇನೂ ಅಪಾಯವಿಲ್ಲ, ಆದರೆ ಬಿಸಿಲಲ್ಲಿ ಕಾಲೇಜಿಗೆ ನಡೆಯುವ ಹುಡುಗಿಯರು ನಡೆಯುತ್ತಲೇ ಇರುತ್ತಾರೆ. ಅವರಿಗೊಂದು ಸಾದಾ ಬ್ಯಾಟರಿ ಮಿನಿ ಬಸ್ಸು, ಒಬ್ಬ ಡ್ರೈವರ್ ಸಾಕಲ್ಲವೇ ಎಂದು ಕೇಳಿದರೆ ನಾನೂ ಹೌದು ಅನ್ನುತ್ತೇನೆ, ಆದರೆ ಕಾಲೇಜಿಗೆ ಬೇಕಾಗಿರುವುದು ಸಂಶೋಧನೆ. ಪೂರ್ತಿ ಒಪ್ಪಿಬಿಡುವುದು ಇನ್ನೊಂದು ದಾರಿ, ಈಗಿನ ಸ್ಥಿತಿಯಲ್ಲಿ ನಾನು ಅದಕ್ಕೆ ಹೂಂ ಅನ್ನುವುದಿಲ್ಲ.

ನಾನಾಗಿದ್ದರೆ ಹೀಗೆ ಕೇಳುತ್ತಿದ್ದೆ. ಕಾಲೇಜಿನ ಒಳಗೆ ನೀವು ಹೇಗೆ ಬೇಕಾದರೂ ಓಡಿಸಿಕೊಳ್ಳಿ. ನಮ್ಮ 800 ಮೀಟರಿನಲ್ಲಿ ಮೊದಲ ಕೆಲವು ತಿಂಗಳು ಲೈಸೆನ್ಸ್ ಇರುವ ಮನುಷ್ಯ ಓಡಿಸಲಿ, ಕಂಪ್ಯೂಟರ್ ಪಕ್ಕದಲ್ಲಿ ಕೂತು ನೋಡಲಿ. ಇದು ನಮ್ಮ ಕೆಲಸದಲ್ಲಿ ಮಾಮೂಲಿ ಪದ್ಧತಿ. ಮನುಷ್ಯ ಬ್ರೇಕ್ ಹಾಕಿದಾಗ ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕಂಪ್ಯೂಟರ್ ಬರೆದುಕೊಳ್ಳುತ್ತದೆ, ಬ್ರೇಕಿಗೆ ತಾನು ಕೈಹಾಕುವುದಿಲ್ಲ. ಸುಗ್ಗಿ ಒಂದು, ಮಳೆಗಾಲ ಒಂದು ಅದು ನೋಡಲೇಬೇಕು. ಎಷ್ಟು ಸಲ ಇಬ್ಬರ ಲೆಕ್ಕ ಬೇರೆಯಾಯಿತು ಅನ್ನುವುದನ್ನು ತಿಂಗಳಿಗೊಮ್ಮೆ ಪಂಚಾಯ್ತಿ ಬೋರ್ಡಿಗೆ ಅಂಟಿಸಲಿ. ಇದಕ್ಕೂ ಒಂದು ತೊಂದರೆ ಇದೆ: ಮೊದಲು ಮನುಷ್ಯ, ಆಮೇಲೆ ಮಷೀನು ಅಂದಾಗ ಯಾವ ದಿನ ಬದಲಾಯಿತು ಎಂದು ಊರಿಗೆ ತಿಳಿಯದೇ ಹೋಗಬಹುದು. ಅದಕ್ಕೆ ತಾನೇ ಓಡುವಾಗ ಒಂದು ಬಣ್ಣದ ದೀಪ ಉರಿಯಲಿ, ಹಿಂದುಗಡೆ ದೊಡ್ಡದಾಗಿ ಕನ್ನಡದಲ್ಲಿ ಬರೆಸಲಿ: ಈ ಬಸ್ಸು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಒಳಗೆ ಎಲ್ಲರಿಗೂ ಬೆಲ್ಟ್, ನಿಂತು ಪ್ರಯಾಣ ಇಲ್ಲ. ಕಂಟ್ರೋಲರ್ ಅಟೆಂಡರ್ ಕೈಯಲ್ಲೇ ಇರಬೇಕು, ಡಬ್ಬಿಯಲ್ಲಿ ಅಲ್ಲ. ಅವರ ಪಾಳಿ ಎಷ್ಟು ಗಂಟೆ ಎಂದೂ ಕೇಳಿ. ಗವಿಮಠದ ಜಾತ್ರೆಯ ದಿನಗಳಲ್ಲಿ, ರೊಟ್ಟಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ, ಪಾದಯಾತ್ರೆಯವರು ರಸ್ತೆ ತುಂಬ ನಡೆಯುವಾಗ, ಬಸ್ಸು ಗೇಟಿನ ಒಳಗೇ ಇರಲಿ.

ಸಭೆಗೆ ಮೊದಲು ಇನ್ನೊಂದು ಕೇಳಬಹುದು. ನಿಮ್ಮ ಅಂಗಡಿ ಮುಂದೆಯೇ ತೋರಿಸಿ ಅನ್ನಿ. ಗೋಣಿಚೀಲಕ್ಕೆ ಹೊಟ್ಟು ತುಂಬಿ ಹಗ್ಗ ಕಟ್ಟಿ ರಸ್ತೆಗೆ ಎಳೆಯಿರಿ. ನಾವು ಟ್ರ್ಯಾಕಿನಲ್ಲಿ ಮಾಡುವುದೂ ಅದೇ, ನಮ್ಮ ಗೊಂಬೆಗೆ ಬೆಲೆ ಜಾಸ್ತಿ ಅಷ್ಟೇ. ಹತ್ತು ಸಲ ಎಳೆಯಿರಿ, ಒಂದು ಸಲ ನಿಂತರೆ ಸಾಲದು.

ತಮ್ಮನಿಗೆ ಹೇಳಿ, ಟಂಟಂ ಮಾರುವುದು ಬೇಡ. ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರ 2023ರಿಂದ ದೊಡ್ಡ ಬಸ್ಸುಗಳನ್ನೇ ಹೀಗೆ ಓಡಿಸಿದರು, 22 ಕಿಲೋಮೀಟರ್ ದಾರಿ. ಸ್ಟೇರಿಂಗ್ ಮುಂದೆ ಒಬ್ಬರು, ಪ್ರಯಾಣಿಕರ ಜೊತೆ ಮಾತಾಡಲು ಇನ್ನೊಬ್ಬರು. ಡ್ರೈವರ್ ಇಲ್ಲದ ಬಸ್ಸಿಗೆ ಇಬ್ಬರು ನೌಕರರು! ಜನ ಸಾಕಷ್ಟು ಹತ್ತಲಿಲ್ಲವೆಂದು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ಹತ್ತಾರು ವರ್ಷದ ಮಾತು ನಾನು ಹೇಳಲಾರೆ, ಆದರೆ ಕೈ ಅಡ್ಡ ಹಿಡಿದಲ್ಲಿ ನಿಂತು, ಹಾಲಿನ ಕ್ಯಾನ್ ಮೇಲೆ ಹಾಕಿಕೊಂಡು, ಚಿಲ್ಲರೆ ನಾಳೆ ಕೊಡು ಅನ್ನುವ ಗಾಡಿಗೆ ಈ ಬಸ್ಸು ಪೈಪೋಟಿ ಅಲ್ಲ. ಅವನ ಹತ್ತಿರ ಬ್ಯಾಡ್ಜ್ ಇದ್ದರೆ ಅಟೆಂಡರ್ ಕೆಲಸಕ್ಕೆ ಅರ್ಜಿಯನ್ನೂ ಹಾಕಬಹುದು. ಆ ರಸ್ತೆಯಲ್ಲಿ ಎಮ್ಮೆ ಯಾವ ಹೊತ್ತಿಗೆ ಎಲ್ಲಿ ದಾಟುತ್ತದೆ ಎಂದು ಅವನಿಗೆ ಗೊತ್ತು, ನಕ್ಷೆಗೆ ಗೊತ್ತಿಲ್ಲ. ಊರಿನವರನ್ನೇ ತೆಗೆದುಕೊಳ್ಳಿ ಎಂದು ಸಭೆಯಲ್ಲಿ ಷರತ್ತು ಹಾಕಿ.

ಅತ್ತೆಯವರ ಕುರ್ಚಿಯನ್ನು ಮಾತ್ರ ಈಗಲೇ ನಾಲ್ಕು ಅಡಿ ಹಿಂದಕ್ಕೆ, ಅಂಗಡಿ ಕಟ್ಟೆಯ ಮೇಲಕ್ಕೆ ಹಾಕಿಸಿ. ಬಸ್ಸಿಗೆ ಅವರು ಕಾಣುತ್ತಾರೆ. ಬಸ್ಸಿನ ಹಿಂದಿನ ಲಾರಿಯವನಿಗೆ ಕಾಣುವುದಿಲ್ಲ.